ಒಂದೇ ಕಾರ್ಯಕ್ರಮ, ಎರಡು ಚಾನೆಲ್‌ನಲ್ಲಿ ಎರಡು ಥರ ಯಾಕೆ? ದುಡ್ಡಿನ ಮೂಲದಿಂದ ಇಷ್ಟು ವ್ಯತ್ಯಾಸ ಆಗುತ್ತದಾ?

ಕಿಟಕಿಪಕ್ಕ:

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಸುಮಾರು ದಿನದಿಂದ ತಲೆಯಲ್ಲಿ ಕೂತಿದೆ.

ಬಿಬಿಸಿಯ 'ಪ್ಲಾನೆಟ್ ಅರ್ಥ್' ಸರಣಿಯಲ್ಲಿ ಹಿಮಚಿರತೆ ಬೇಟೆಯಾಡುವ ಕಂತನ್ನು ನಾನು ಎರಡು ಸಲ ನೋಡಿದೆ. ಮೊದಲ ಸಲ ಒಂದು ಖಾಸಗಿ ಚಾನೆಲ್‌ನಲ್ಲಿ. ಚಿರತೆ ಬಂಡೆಯ ಮೇಲಿಂದ ಇಳಿಯಲು ಶುರು ಮಾಡಿತು, ಅಷ್ಟರಲ್ಲಿ ಬ್ರೇಕ್. ವಾಪಸ್ ಬಂದಾಗ ನನ್ನ ಎದೆಬಡಿತ ಮೊದಲಿನ ಸ್ಥಿತಿಗೆ ಬಂದಿತ್ತು. ಎರಡನೇ ಸಲ ಪೂರ್ತಿ ಆವೃತ್ತಿ ನೋಡಿದೆ. ಎಲ್ಲೂ ನಿಲ್ಲಲಿಲ್ಲ. ಕೊನೆಯಲ್ಲಿ ಹತ್ತು ನಿಮಿಷ ಆ ಚಿರತೆಗಾಗಿ ಚಿತ್ರತಂಡ ಹೇಗೆ ಕಾದಿತ್ತು ಅನ್ನೋದೂ ಇತ್ತು. ಖಾಸಗಿ ಚಾನೆಲ್‌ನಲ್ಲಿ ಆ ಹತ್ತು ನಿಮಿಷ ಇರಲೇ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು ನಾವು ನೋಡುವ ಕಾರ್ಯಕ್ರಮದ ಒಳಗನ್ನೇ ಬದಲಾಯಿಸುತ್ತದಾ? ಅಥವಾ ನಡುವೆ ಜಾಹೀರಾತು ತುರುಕುತ್ತಾರೆ, ಅಷ್ಟೇನಾ? ಇನ್ನೊಂದು, ಜನರ ಶುಲ್ಕದಿಂದ ಅಥವಾ ಸರ್ಕಾರದ ದುಡ್ಡಿನಿಂದ ನಡೆಯುವ ಚಾನೆಲ್ ಸರ್ಕಾರದ ಬಾಯಿ ಆಗಿಬಿಡುವುದಿಲ್ಲವಾ?

ಒಳಗೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ನೇರಮಾತು:

ಇದರಲ್ಲಿ ಗೊಂದಲ ಏನಿದೆ? ಉಂಡ ಮನೆಗೆ ಎರಡು ಬಗೆಯಬಾರದು ಅಂತ ಗಾದೆಯೇ ಇದೆಯಲ್ಲ. ಕಂಪನಿ ದುಡ್ಡು ಕೊಟ್ಟರೆ ಚಾನೆಲ್ ಕಂಪನಿ ಪರ, ಸರ್ಕಾರ ಕೊಟ್ಟರೆ ಸರ್ಕಾರದ ಪರ. ನಾನು ಚಂದಾ ಕಟ್ಟಿ ನೋಡುತ್ತೇನೆ. ಆಗ ಅವರು ನನ್ನ ಪರ. ಮುಗಿಯಿತು.

ಹಳೇಆಂಟೆನಾ:

ಕಿಟಕಿಪಕ್ಕ ಅವರೇ, ನಾನು ಒಂದು ಖಾಸಗಿ ಮನರಂಜನಾ ಚಾನೆಲ್‌ನ ಶೆಡ್ಯೂಲಿಂಗ್ ವಿಭಾಗದಲ್ಲಿ 11 ವರ್ಷ ಇದ್ದೆ. ಯಾವ ಕಾರ್ಯಕ್ರಮ ಎಷ್ಟು ಗಂಟೆಗೆ, ಬ್ರೇಕ್ ಎಲ್ಲಿ, ಒಂದೊಂದು ಬ್ರೇಕ್ ಎಷ್ಟು ಸೆಕೆಂಡ್ ಅಂತ ಚಾರ್ಟ್ ಮಾಡುವುದೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದಿ.

ಮೊದಲು ನಿಮ್ಮ ಕಾಣೆಯಾದ ಹತ್ತು ನಿಮಿಷ. 2006ರ ಆ ಸರಣಿಯ ಒಂದು ಕಂತು ಸುಮಾರು 50 ನಿಮಿಷ. ಅದಕ್ಕೆ ಹತ್ತು ನಿಮಿಷದ ಚಿತ್ರೀಕರಣದ ಕಥೆ ಸೇರಿಸಿದರೆ ಬಿಬಿಸಿಯ ಒಂದು ಗಂಟೆ ತುಂಬುತ್ತದೆ, ಯಾಕೆಂದರೆ ಬ್ರಿಟನ್ನಿನಲ್ಲಿ ಬಿಬಿಸಿ ಜಾಹೀರಾತು ಹಾಕುವುದಿಲ್ಲ. ಜಾಹೀರಾತು ಇರುವ ಚಾನೆಲ್ ಆ ತುಂಡನ್ನು ಕಳಚಿಟ್ಟರೆ ಅಷ್ಟು ಜಾಗ ಬ್ರೇಕ್‌ಗಳಿಗೆ ಸಿಗುತ್ತದೆ. ಒಂದೇ ಕಂತು ಎರಡು ಥರದ ಗಂಟೆಗೂ ಹೊಂದುತ್ತದೆ. ನೀವು ನೋಡಿದ್ದು ಇದನ್ನೇ ಇರಬೇಕು.

ಇದು ಹೊರಗಿನ ಕತ್ತರಿ. ಒಳಗಿನ ಕತ್ತರಿ ಇದಕ್ಕಿಂತ ದೊಡ್ಡದು, ಅದು ವೀಕ್ಷಕರಿಗೆ ಕಾಣುವುದಿಲ್ಲ.

ನಮ್ಮಲ್ಲಿ ಅರ್ಧ ಗಂಟೆಯ ಧಾರಾವಾಹಿಗೆ ಕಥೆ 22 ನಿಮಿಷ. ಮಿಕ್ಕಿದ್ದು ಜಾಹೀರಾತು ಮತ್ತು ಪ್ರೋಮೋ. ಆ 22 ನಿಮಿಷವನ್ನೂ ನಾಲ್ಕು ತುಂಡು ಮಾಡಬೇಕು. ಪ್ರತಿ ತುಂಡಿನ ಕೊನೆಗೆ ಒಂದು ಹುಕ್ ಬೇಕು. ಬ್ರೇಕ್ ಬರುವ ಹೊತ್ತಿಗೆ ಬಾಗಿಲು ತೆರೆದುಕೊಳ್ಳಬೇಕು, ಇಲ್ಲಾ ಫೋನ್ ಬಡಿದುಕೊಳ್ಳಬೇಕು, ಇಲ್ಲಾ ಯಾರದ್ದಾದರೂ ಮುಖ ಫ್ರೀಜ್ ಆಗಬೇಕು. ಬ್ರೇಕ್ ಮುಗಿದ ಮೇಲೆ ಅದೇ ದೃಶ್ಯ ಮತ್ತೆ ಅರ್ಧ ನಿಮಿಷ. ಕಥೆಯಲ್ಲಿ ಆ ಕ್ಷಣಕ್ಕೆ ಏನೂ ನಡೆಯಬೇಕಾಗಿಲ್ಲದಿದ್ದರೂ ನಡೆಸಬೇಕು. ಬರೆಯುವವರು ಒಮ್ಮೆ ನನ್ನ ಮೇಜಿನ ಹತ್ತಿರ ಬಂದು ಕೇಳಿದರು: "ಇಲ್ಲಿ ಅಮ್ಮ ಮಗಳು ಸುಮ್ನೆ ಕೂತಿರಬೇಕು. ಸುಮ್ನೆ ಕೂರೋಕೆ ಎಷ್ಟು ಸೆಕೆಂಡ್ ಕೊಡ್ತೀರಿ?" ನನ್ನ ಚಾರ್ಟ್‌ನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಅವರಿಗೆ ಬರೆಯಲು ಬಾರದು ಅಂತ ಹೊರಗಿನವರು ಬೈದಾಗ ನನಗೆ ಸಂಕಟ ಆಗುತ್ತಿತ್ತು. ಅವರಿಗೆ ಚೆನ್ನಾಗಿ ಬರುತ್ತಿತ್ತು.

ಯಾಕೆ ಹೀಗೆ ಅಂದರೆ, ನಾವು ಕಾರ್ಯಕ್ರಮ ಮಾರುತ್ತಿರಲಿಲ್ಲ. ಕಾರ್ಯಕ್ರಮ ನೋಡಲು ಕೂತವರನ್ನು ಮಾರುತ್ತಿದ್ದೆವು. ಫ್ರಾನ್ಸಿನ ಟಿಎಫ್1 ಚಾನೆಲ್‌ನ ಮುಖ್ಯಸ್ಥರಾಗಿದ್ದ ಪ್ಯಾಟ್ರಿಕ್ ಲ ಲೇ 2004ರಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಕೋಕಾ ಕೋಲಾಗೆ ನಾವು ಮಾರುವುದು ಮನುಷ್ಯರ ಮೆದುಳಿನ ಬಿಡುವಿನ ಸಮಯ ಅಂದರು. ದೊಡ್ಡ ಗಲಾಟೆ ಆಯಿತು. ಆದರೆ ನಮ್ಮ ವಿಭಾಗದಲ್ಲಿ ಕೆಲಸ ಮಾಡಿದ ಯಾರಿಗೂ ಅದು ಹೊಸ ಮಾತಲ್ಲ.

ಇನ್ನೊಂದು ತಿಳಿಯಬೇಕಾದ್ದು, ಮಾರುವುದು ಎಲ್ಲ ವೀಕ್ಷಕರನ್ನೂ ಅಲ್ಲ. ನಮ್ಮ ಚಾನೆಲ್‌ನಲ್ಲಿ ಬೆಳಗ್ಗೆ ವಯಸ್ಸಾದವರಿಗಾಗಿ ಒಂದು ಕಾರ್ಯಕ್ರಮ ಇತ್ತು. ಅವರ ಪತ್ರ ಓದುವುದು, ಡಾಕ್ಟರ್ ಹತ್ತಿರ ಅವರ ಪ್ರಶ್ನೆ ಕೇಳುವುದು, ಹಳೆಯ ನೆನಪು. ಆ ಹೊತ್ತಿಗೆ ಅದಕ್ಕೆ ಒಳ್ಳೇ ಟಿಆರ್‌ಪಿ ಇತ್ತು. ಆದರೂ ನಿಲ್ಲಿಸಿದರು. ಮಾರ್ಕೆಟಿಂಗ್‌ನವರು ಹೇಳಿದ ಕಾರಣ, ನೋಡುವವರು ಟಾರ್ಗೆಟ್ ಗುಂಪಿನವರಲ್ಲ. ಸೋಪು, ಶಾಂಪೂ, ಸ್ಕೂಟರ್ ಮಾರುವವರಿಗೆ 65 ವರ್ಷದವರು ಬೇಕಾಗಿರಲಿಲ್ಲ. ಆಮೇಲೆ ಓದಿದಾಗ ಗೊತ್ತಾಯಿತು, ಅಮೆರಿಕದ ಸಿಬಿಎಸ್ 1971ರಲ್ಲಿ ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿತ್ತು. ಹಳ್ಳಿ ಹಿನ್ನೆಲೆಯ ಹಲವು ಕಾರ್ಯಕ್ರಮಗಳನ್ನು ಒಟ್ಟಿಗೆ ಕೈಬಿಟ್ಟಿತು. ಕೆಲವಕ್ಕೆ ವೀಕ್ಷಕರು ಜಾಸ್ತಿಯೇ ಇದ್ದರು. ಆದರೆ ಜಾಹೀರಾತುದಾರರಿಗೆ ಬೇಕಾಗಿದ್ದು ಪಟ್ಟಣದ ಯುವಜನ.

ನೇರಮಾತು ಅವರೇ, ನಿಮ್ಮ ಗಾದೆ ಸರಿ. ಆದರೆ ಅರ್ಧ ಸರಿ. ಯಾರು ದುಡ್ಡು ಕೊಡುತ್ತಾರೆ ಅನ್ನುವುದರ ಜೊತೆ ಇನ್ನೆರಡು ಕೇಳಬೇಕು. ಆ ದುಡ್ಡು ಎಷ್ಟು ದಿನಕ್ಕೆ ಖಾತ್ರಿ? ಅದನ್ನು ನಿಲ್ಲಿಸುವ ಕೈ ಯಾರದ್ದು?

ನಮ್ಮ ದುಡ್ಡು ಒಂದು ವಾರಕ್ಕೆ ಖಾತ್ರಿ. ವಾರಕ್ಕೊಮ್ಮೆ ರೇಟಿಂಗ್ ಬರುತ್ತಿತ್ತು. ಆ ದಿನ ಬೆಳಗ್ಗೆ ಆಫೀಸಿನಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಆರು ವಾರದಲ್ಲಿ ಏಳಲಿಲ್ಲ ಅಂದರೆ ಧಾರಾವಾಹಿ ರಾತ್ರಿ ಹನ್ನೊಂದಕ್ಕೆ ಹೋಗುತ್ತಿತ್ತು, ಆಮೇಲೆ ಹೋಗೇಬಿಡುತ್ತಿತ್ತು. ಬಿಬಿಸಿಗೆ ಈಗಿನ ರಾಯಲ್ ಚಾರ್ಟರ್, ಅಂದರೆ ಅದು ನಡೆಯಲು ಇರುವ ಅಧಿಕಾರಪತ್ರ, 2027ರ ಕೊನೆವರೆಗೆ ಇದೆ. ಟಿವಿ ನೋಡಲು ಮನೆಮನೆಯವರು ಕಟ್ಟುವ ಲೈಸೆನ್ಸ್ ಶುಲ್ಕ ವರ್ಷವರ್ಷ ಬರುತ್ತದೆ. ಹಿಮಚಿರತೆಗಾಗಿ ವರ್ಷಗಟ್ಟಲೆ ಕಾಯುವ ತಾಳ್ಮೆ ಇಂಥ ದುಡ್ಡಿನಿಂದಲೇ ಬರೋದು. ಪೂರ್ತಿ ಬಿಬಿಸಿಯ ದುಡ್ಡು ಅಂತಲ್ಲ. ಆ ಸರಣಿಗೆ ಡಿಸ್ಕವರಿ ಮತ್ತು ಜಪಾನಿನ ಎನ್‌ಎಚ್‌ಕೆ ಕೂಡ ಕೈಜೋಡಿಸಿದ್ದವು. ಆದರೆ ಮೊದಲು ತಾಳ್ಮೆ ತೋರಿಸುವ ಒಬ್ಬರು ಬೇಕು, ಆಗ ಮಿಕ್ಕವರು ಬರುತ್ತಾರೆ.

ಕಿಟಕಿಪಕ್ಕ:

ತುಂಬ ಥ್ಯಾಂಕ್ಸ್. "ಸುಮ್ನೆ ಕೂರೋಕೆ ಎಷ್ಟು ಸೆಕೆಂಡ್" ಅನ್ನುವ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

ಹಾಗಾದರೆ ಜಾಹೀರಾತಿನ ದುಡ್ಡಿನಿಂದ ಒಳ್ಳೆಯದು ಬರುವುದೇ ಇಲ್ಲವಾ? ನೀವು 11 ವರ್ಷ ಅಲ್ಲೇ ಇದ್ದವರು, ಹಾಗೆ ಹೇಳಲಾರಿರಿ ಅನ್ನಿಸುತ್ತದೆ.

ಹಳೇಆಂಟೆನಾ:

ಬರುತ್ತದೆ. ಖಂಡಿತ ಬರುತ್ತದೆ. ಜಾಹೀರಾತಿನ ದುಡ್ಡನ್ನು ನಾನು ತಳ್ಳಿಹಾಕಲಾರೆ.

1955ರ ಸೆಪ್ಟೆಂಬರ್ 22ರವರೆಗೆ ಬ್ರಿಟನ್ನಿನಲ್ಲಿ ಟಿವಿ ಅಂದರೆ ಬಿಬಿಸಿ ಒಂದೇ. ಆ ದಿನ ಐಟಿವಿ ಶುರುವಾಯಿತು. ಮೊದಲ ಜಾಹೀರಾತು ಒಂದು ಟೂತ್‌ಪೇಸ್ಟಿನದ್ದು. ಅದರ ಜೊತೆಗೇ ಐಟಿಎನ್ ಅನ್ನುವ ಸುದ್ದಿಸಂಸ್ಥೆಯೂ ಬಂತು. ಅಲ್ಲಿದ್ದ ರಾಬಿನ್ ಡೇ ಥರದವರು ಮಂತ್ರಿಗಳಿಗೆ ನೇರ ಪ್ರಶ್ನೆ ಕೇಳುವುದನ್ನು ಶುರು ಮಾಡಿದರು. ಅಲ್ಲಿವರೆಗೆ ರಾಜಕಾರಣಿಗಳ ಸಂದರ್ಶನ ಅಂದರೆ ಬಹಳ ವಿನಯದ ವಿಷಯ. ಜಾಹೀರಾತಿನ ದುಡ್ಡಿನ ಚಾನೆಲ್ ಬಂದಿದ್ದರಿಂದ ಬಿಬಿಸಿಯೇ ಚುರುಕಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಲ್ಲಿನ ಚಾನೆಲ್ 4ರ ಕಥೆ. 1982ರ ನವೆಂಬರ್‌ನಲ್ಲಿ ಶುರುವಾಯಿತು. ಬೇರೆಯವರು ಕಡೆಗಣಿಸಿದ ವೀಕ್ಷಕರಿಗಾಗಿ ಕಾರ್ಯಕ್ರಮ ಮಾಡಬೇಕು, ಹೊಸ ಪ್ರಯೋಗ ಮಾಡಬೇಕು ಅಂತ ಕಾನೂನಿನಲ್ಲೇ ಬರೆದಿದ್ದರು. ದುಡ್ಡು? ಜಾಹೀರಾತಿನದ್ದೇ. ಆದರೆ ಚಾನೆಲ್ 4ರ ಜಾಹೀರಾತು ಸಮಯವನ್ನು ಮಾರುತ್ತಿದ್ದವರು ಐಟಿವಿ ಕಂಪನಿಗಳು. ಆ ಕಂಪನಿಗಳು ನಿಗದಿಯಾದ ಒಂದು ಮೊತ್ತವನ್ನು ಚಾನೆಲ್ 4ಕ್ಕೆ ಕೊಡಬೇಕಿತ್ತು. ಅಂದರೆ ಕಾರ್ಯಕ್ರಮ ಆರಿಸುವವರ ಮೇಜಿಗೆ ಜಾಹೀರಾತುದಾರರು ಫೋನ್ ಮಾಡುವ ಹಾಗಿರಲಿಲ್ಲ. ಇಂಥ ಕಾರ್ಯಕ್ರಮಕ್ಕೆ ಎಷ್ಟು ಸ್ಪಾಟ್ ಮಾರಿತು ಅನ್ನುವ ಲೆಕ್ಕ ಅವರ ತಲೆ ಮೇಲೆ ಕೂತಿರಲಿಲ್ಲ. 1993ರಿಂದ ಚಾನೆಲ್ 4 ತನ್ನ ಜಾಹೀರಾತನ್ನು ತಾನೇ ಮಾರತೊಡಗಿತು. ಈಗಲೂ ಅದು ಖಾಸಗಿಯವರದ್ದಲ್ಲ, ಸಾರ್ವಜನಿಕ ಒಡೆತನದ್ದು. ಲಾಭ ಹಂಚಿಕೊಳ್ಳಲು ಷೇರುದಾರರಿಲ್ಲ. ಜನಪ್ರಿಯ ಕಾರ್ಯಕ್ರಮದಲ್ಲಿ ಬಂದ ದುಡ್ಡು ಕಡಿಮೆ ಜನ ನೋಡುವ ಕಾರ್ಯಕ್ರಮಕ್ಕೆ ಹೋಗುತ್ತದೆ. ಅದನ್ನು ಮಾರಿಬಿಡೋಣ ಅಂತ ಸರ್ಕಾರ ಹೊರಟಿತ್ತು. 2023ರ ಜನವರಿಯಲ್ಲಿ ಆ ಯೋಜನೆ ಕೈಬಿಟ್ಟರು.

ಜಾಹೀರಾತಿನ ದುಡ್ಡು ಅಂದರೆ ಒಂದೇ ಥರದ್ದಲ್ಲ ಅಂತ ನಾನು ಹೇಳುವುದು ಇದಕ್ಕೇ. ದುಡ್ಡಿಗೂ ಕಾರ್ಯಕ್ರಮಕ್ಕೂ ನಡುವೆ ಎಷ್ಟು ಗೋಡೆ ಇದೆ ಅನ್ನುವುದು ಮುಖ್ಯ. ಗೋಡೆಯೇ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು 1950ರ ದಶಕದ ಅಮೆರಿಕ ನೋಡಿದೆ. ಆಗ ಒಂದು ಕಾರ್ಯಕ್ರಮಕ್ಕೆ ಒಬ್ಬನೇ ಪ್ರಾಯೋಜಕ, ಅವನದ್ದೇ ಮಾತು. ಕ್ವಿಜ್ ಕಾರ್ಯಕ್ರಮಗಳಲ್ಲಿ ಜನ ಇಷ್ಟಪಡುವ ಸ್ಪರ್ಧಿಗೆ ಉತ್ತರ ಮೊದಲೇ ಹೇಳಿಕೊಡುತ್ತಿದ್ದರು. ಚಾರ್ಲ್ಸ್ ವ್ಯಾನ್ ಡೋರೆನ್ ಅನ್ನುವ ಸ್ಪರ್ಧಿ 1959ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿ ಮುಂದೆ ಇದನ್ನು ಒಪ್ಪಿಕೊಂಡರು. ಆಮೇಲೆ ನೆಟ್‌ವರ್ಕ್‌ಗಳು ಕಾರ್ಯಕ್ರಮದ ಹಿಡಿತವನ್ನು ತಮ್ಮ ಕೈಗೆ ತೆಗೆದುಕೊಂಡವು. ಒಬ್ಬನೇ ಪ್ರಾಯೋಜಕನ ಬದಲು ಹತ್ತಾರು ಕಂಪನಿಗಳಿಗೆ ಚಿಕ್ಕ ಚಿಕ್ಕ ಸ್ಪಾಟ್ ಮಾರುವ ಪದ್ಧತಿ ಗಟ್ಟಿಯಾಯಿತು. ನಾನು ಸೆಕೆಂಡ್ ಲೆಕ್ಕ ಹಾಕಿ ಕೂಡಿಸುತ್ತಿದ್ದ ಬ್ರೇಕ್‌ಗಳೂ ಆ ಪದ್ಧತಿಯವೇ.

ಲೆಕ್ಕಪುಸ್ತಕ:

ಹಳೇಆಂಟೆನಾ ಅವರ ಬರಹ ಚೆನ್ನಾಗಿದೆ, ಆದರೆ ಲೈಸೆನ್ಸ್ ಶುಲ್ಕದ ಬಗ್ಗೆ ಸ್ವಲ್ಪ ಮೆತ್ತಗೆ ಮಾತಾಡಿದ್ದಾರೆ ಅನ್ನಿಸಿತು. ನನ್ನ ಕೆಲಸ ಲೆಕ್ಕಪತ್ರ ನೋಡುವುದು, ಹಾಗಾಗಿ ದುಡ್ಡು ಕಟ್ಟುವವರ ಕಡೆಯಿಂದ ನೋಡುತ್ತೇನೆ.

ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಲ್ಲಿ ಅದು ವರ್ಷಕ್ಕೆ 174.50 ಪೌಂಡ್ ಆಗಿತ್ತು. ಅರಮನೆಯಂಥ ಮನೆಗೂ ಅಷ್ಟೇ, ಒಂದೇ ರೂಮಿನಲ್ಲಿ ಮಕ್ಕಳನ್ನು ಸಾಕುವ ತಾಯಿಗೂ ಅಷ್ಟೇ. ಕಟ್ಟದೆ ನೋಡಿದರೆ ಅದು ಕ್ರಿಮಿನಲ್ ಕೇಸ್. ಹಾಗೆ ಕೇಸ್ ಹಾಕಿಸಿಕೊಂಡವರಲ್ಲಿ ಬಹುಪಾಲು ಹೆಂಗಸರು, ಯಾಕೆಂದರೆ ಅಧಿಕಾರಿ ಬಾಗಿಲು ತಟ್ಟಿದಾಗ ಮನೆಯಲ್ಲಿರುವವರು ಅವರೇ. ಒಳ್ಳೇ ಕಾರ್ಯಕ್ರಮ ಬರುತ್ತದೆ ಅಂತ ಇದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ.

ಬೇರೆ ದಾರಿ ಇದೆ. ಫಿನ್ಲೆಂಡ್ 2013ರಿಂದ ಆದಾಯಕ್ಕೆ ತಕ್ಕ ಹಾಗೆ ತೆರಿಗೆ ತೆಗೆದುಕೊಳ್ಳುತ್ತದೆ. ತೀರಾ ಕಡಿಮೆ ಆದಾಯದವರು ಕಟ್ಟಬೇಕಾಗಿಲ್ಲ, ಜಾಸ್ತಿ ಇರುವವರಿಗೂ ಮೇಲೆ ಒಂದು ಮಿತಿ ಇದೆ. ಸ್ವೀಡನ್ 2019ರಲ್ಲಿ ಆ ಕಡೆ ಹೋಯಿತು. ಫ್ರಾನ್ಸ್ 2022ರಲ್ಲಿ 138 ಯೂರೋ ಶುಲ್ಕವನ್ನೇ ತೆಗೆದುಹಾಕಿತು, ಈಗ ಬೇರೆ ತೆರಿಗೆಯ ಒಂದು ಪಾಲು ಕೊಡುತ್ತದೆ.

ನೇರಮಾತು:

ಲೆಕ್ಕಪುಸ್ತಕ ಅವರ ಮಾತಿಗೆ ನನ್ನದೂ ಓಟು. ಆದರೆ ತೆರಿಗೆಯಿಂದ ಕೊಟ್ಟರೆ ಬಜೆಟ್ ಬರೆಯುವ ಮಂತ್ರಿಯ ಕೈಯಲ್ಲೇ ಬೀಗದಕೈ ಅಲ್ವಾ? ನಮ್ಮ ದೂರದರ್ಶನವನ್ನೇ ತೆಗೆದುಕೊಳ್ಳಿ.

ಹಳೇಆಂಟೆನಾ:

ಲೆಕ್ಕಪುಸ್ತಕ ಅವರೇ, ಒಪ್ಪುತ್ತೇನೆ. ಬಾಗಿಲು ತಟ್ಟುವ ವಿಷಯ ನಾನು ಯೋಚಿಸಿರಲೇ ಇಲ್ಲ. ನಾನು ಯಾವಾಗಲೂ ದುಡ್ಡು ಬಂದು ಬೀಳುವ ಕಡೆ ಕೂತವನು.

ಆದರೆ ನೇರಮಾತು ಅವರು ಕೇಳಿದ್ದೇ ಅಸಲು ಪ್ರಶ್ನೆ. ಬೀಗದಕೈ ಯಾರ ಹತ್ತಿರ? ದೂರದರ್ಶನಕ್ಕೆ ಪ್ರಸಾರ ಭಾರತಿ ಕಾಯ್ದೆ 1990ರಲ್ಲೇ ಆಯಿತು, ಜಾರಿಗೆ ಬಂದಿದ್ದು 1997ರಲ್ಲಿ. ಕಾಗದದ ಮೇಲೆ ಸ್ವಾಯತ್ತ ಸಂಸ್ಥೆ. ದುಡ್ಡು ಮಾತ್ರ ಸರ್ಕಾರದ ಅನುದಾನ ಮತ್ತು ಜಾಹೀರಾತು. ನನ್ನ ಪ್ರಕಾರ ಇದು ಎರಡು ಕಡೆಯ ಕಷ್ಟವನ್ನೂ ಒಟ್ಟಿಗೆ ಹೊತ್ತುಕೊಂಡ ಹಾಗೆ.

ಶುಲ್ಕ ಬೇರೆಯಾಗಿ ಬಂದರೂ ಖಾತ್ರಿ ಇಲ್ಲ. ಗ್ರೀಸ್‌ನಲ್ಲಿ ಇಆರ್‌ಟಿ ಅಂತ ಸಾರ್ವಜನಿಕ ಚಾನೆಲ್. ಜನರು ಕರೆಂಟ್ ಬಿಲ್ ಜೊತೆಗೆ ಅದಕ್ಕೆ ಶುಲ್ಕ ಕಟ್ಟುತ್ತಿದ್ದರು. 2013ರ ಜೂನ್ 11ರಂದು ಸರ್ಕಾರ ಮುಚ್ಚುತ್ತೇವೆ ಅಂತ ಘೋಷಿಸಿತು, ಅವತ್ತೇ ರಾತ್ರಿ ಪರದೆ ಕಪ್ಪಾಯಿತು. ಕೆಲಸಗಾರರು ಕಟ್ಟಡ ಬಿಟ್ಟು ಹೋಗಲಿಲ್ಲ, ಇಂಟರ್ನೆಟ್‌ನಲ್ಲಿ ಪ್ರಸಾರ ಮುಂದುವರಿಸಿದರು. ಮತ್ತೆ ತೆರೆದದ್ದು 2015ರಲ್ಲಿ, ಸರ್ಕಾರ ಬದಲಾದ ಮೇಲೆ. ಅಮೆರಿಕದಲ್ಲಿ 1967ರ ಕಾಯ್ದೆಯಿಂದ ಹುಟ್ಟಿದ ಸಿಪಿಬಿ ಸಂಸ್ಥೆ ಸಾರ್ವಜನಿಕ ಟಿವಿ, ರೇಡಿಯೋಗಳಿಗೆ ಕೇಂದ್ರದ ದುಡ್ಡು ಹಂಚುತ್ತಿತ್ತು. 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು ಎರಡು ವರ್ಷದ ಸುಮಾರು 1.1 ಬಿಲಿಯನ್ ಡಾಲರ್ ವಾಪಸ್ ತೆಗೆದುಕೊಂಡಿತು. ಮುಂದಿನ ತಿಂಗಳೇ ಸಿಪಿಬಿ ಬಾಗಿಲು ಹಾಕುವುದಾಗಿ ಹೇಳಿತು. ದೊಡ್ಡ ಪಟ್ಟಣದ ಸ್ಟೇಷನ್‌ಗೆ ದಾನಿಗಳಿರುತ್ತಾರೆ. ಸಣ್ಣ ಊರಿನ ಸ್ಟೇಷನ್‌ಗಳ ಖರ್ಚಿನಲ್ಲಿ ಈ ದುಡ್ಡಿನ ಪಾಲು ತುಂಬ ದೊಡ್ಡದಾಗಿತ್ತು.

ಬೀಗದಕೈಯನ್ನು ದೂರ ಇಡಲು ಹೆಚ್ಚು ಕಷ್ಟಪಟ್ಟವರು ಜರ್ಮನಿಯವರು ಅನ್ನಿಸುತ್ತದೆ. ಸರ್ಕಾರ ರೇಡಿಯೋವನ್ನು ಕೈಗೆ ತೆಗೆದುಕೊಂಡರೆ ಏನಾಗುತ್ತದೆ ಅಂತ ಅವರು ನಾಜಿಗಳ ಕಾಲದಲ್ಲಿ ಕಂಡಿದ್ದಾರೆ. ಅಲ್ಲಿ ಚಾನೆಲ್‌ಗಳು ತಮಗೆ ಎಷ್ಟು ಬೇಕು ಅಂತ ಹೇಳುತ್ತವೆ. ಕೆಇಎಫ್ ಅನ್ನುವ ಸ್ವತಂತ್ರ ತಜ್ಞರ ಆಯೋಗ ಲೆಕ್ಕ ಪರಿಶೀಲಿಸುತ್ತದೆ. ಆಮೇಲೆ 16 ರಾಜ್ಯಗಳೂ ಒಪ್ಪಬೇಕು. 2020ರ ಕೊನೆಯಲ್ಲಿ ಸ್ಯಾಕ್ಸನಿ-ಅನ್‌ಹಾಲ್ಟ್ ಅನ್ನುವ ಒಂದೇ ರಾಜ್ಯ ತಡೆಯಿತು. ತಿಂಗಳ ಶುಲ್ಕ 17.50 ಯೂರೋದಿಂದ 18.36ಕ್ಕೆ ಏರಬೇಕಿತ್ತು, ನಿಂತುಹೋಯಿತು. ಚಾನೆಲ್‌ಗಳು ಸಾಂವಿಧಾನಿಕ ಕೋರ್ಟಿಗೆ ಹೋದವು. 2021ರಲ್ಲಿ ಕೋರ್ಟ್ ಏರಿಕೆಯನ್ನು ಜಾರಿ ಮಾಡಿಸಿತು. 86 ಸೆಂಟ್‌ಗಾಗಿ ಇಷ್ಟು ಜಗಳ ಅಂತ ನಗಬಾರದು. ಕಾರ್ಯಕ್ರಮ ಇಷ್ಟವಾಗಲಿಲ್ಲ ಅಂತ ರಾಜಕಾರಣಿ ದುಡ್ಡು ಹಿಡಿಯಬಹುದಾ ಅನ್ನುವುದು ಅಲ್ಲಿ ತೀರ್ಮಾನ ಆಗಬೇಕಿತ್ತು.

ಚಂದಾದ ಬಗ್ಗೆ ಒಂದೇ ಮಾತು. ಚಂದಾ ಕಟ್ಟಿದವರ ಪರ ಚಾನೆಲ್ ಇರುತ್ತದೆ, ನಿಜ. ಕಟ್ಟಲಾಗದವರು ಬಾಗಿಲ ಹೊರಗೆ. 1969ರಲ್ಲಿ ಶುರುವಾದ 'ಸೆಸಮಿ ಸ್ಟ್ರೀಟ್' ಬಡ ಮಕ್ಕಳೂ ಶಾಲೆಗೆ ಮೊದಲೇ ಅಕ್ಷರ ಕಲಿಯಲಿ ಅಂತ ಮಾಡಿದ ಕಾರ್ಯಕ್ರಮ. ದುಡ್ಡು ಸಾಲದೆ 2015ರಲ್ಲಿ ಎಚ್‌ಬಿಒ ಅನ್ನುವ ಚಂದಾ ಚಾನೆಲ್ ಜೊತೆ ಒಪ್ಪಂದ ಆಯಿತು. ಆಗ ಹೊಸ ಕಂತು ಮೊದಲು ಚಂದಾ ಇರುವ ಮನೆಗೆ, ಒಂಬತ್ತು ತಿಂಗಳ ಮೇಲೆ ಉಚಿತ ಚಾನೆಲ್‌ಗೆ ಬರುತ್ತಿತ್ತು. ಕಾರ್ಯಕ್ರಮ ಉಳಿಯಿತು, ಅದು ದೊಡ್ಡದೇ. ಆದರೆ ಮೂರು ವರ್ಷದ ಮಗುವಿಗೆ ಒಂಬತ್ತು ತಿಂಗಳು ಎಷ್ಟು ದೊಡ್ಡ ಕಾಲ ಅಂತ ಮಕ್ಕಳಿರುವ ಮನೆಯವರಿಗೆ ಗೊತ್ತು.

ಕಿಟಕಿಪಕ್ಕ:

ನನ್ನ ಪ್ರಶ್ನೆಗೆ ಬೇಕಾದಷ್ಟು ಸಿಕ್ಕಿತು. ಲೆಕ್ಕಪುಸ್ತಕ ಅವರಿಗೂ ಥ್ಯಾಂಕ್ಸ್, ನಾನು ಶುಲ್ಕವನ್ನು ಒಳ್ಳೆಯದರ ಪಟ್ಟಿಗೆ ಬೇಗ ಸೇರಿಸಿಬಿಡುತ್ತಿದ್ದೆ.

ಹಳೇಆಂಟೆನಾ ಅವರೇ, ಒಂದು ಕೊನೆಯ ಪ್ರಶ್ನೆ. ಆ ವಯಸ್ಸಾದವರ ಕಾರ್ಯಕ್ರಮ ಆಮೇಲೆ ಏನಾಯಿತು?

ಹಳೇಆಂಟೆನಾ:

ಮತ್ತೆ ಬರಲಿಲ್ಲ. ಆ ಸ್ಲಾಟ್‌ಗೆ ಟೆಲಿಶಾಪಿಂಗ್ ಹಾಕಿದರು. ಅರ್ಧ ಗಂಟೆ ಪೂರ್ತಿ ದುಡ್ಡು ಬರುತ್ತಿತ್ತು, ನಮ್ಮ ಕಡೆಯಿಂದ ಖರ್ಚೇ ಇಲ್ಲ.

ಪತ್ರಗಳು ಮಾತ್ರ ನಿಲ್ಲಲಿಲ್ಲ. ಸುಮಾರು ನಾಲ್ಕು ತಿಂಗಳು ಬರುತ್ತಲೇ ಇದ್ದವು. ಕಾರ್ಯಕ್ರಮದ ತಂಡ ಬೇರೆ ಕಡೆ ಹೋಗಿತ್ತು, ಹಾಗಾಗಿ ಅಂಚೆಯವರು ತಂದ ಕಟ್ಟು ನನ್ನ ಮೇಜಿಗೆ ಬರುತ್ತಿತ್ತು. ತುಂಬ ಜನ ಟಿವಿ ಕೆಟ್ಟಿದೆ ಅಂದುಕೊಂಡಿದ್ದರು. ಒಬ್ಬರು ಮೊಮ್ಮಗನಿಂದ ಚಾನೆಲ್ ಮತ್ತೆ ಟ್ಯೂನ್ ಮಾಡಿಸಿದೆ, ಆದರೂ ಸಿಗುತ್ತಿಲ್ಲ, ಸಮಯ ಬದಲಾಗಿದ್ದರೆ ತಿಳಿಸಿ ಅಂತ ಬರೆದಿದ್ದರು. ವಿಳಾಸ ಇದ್ದವರಿಗೆಲ್ಲ ನಾನು ಒಂದೊಂದು ಕಾರ್ಡ್ ಬರೆದೆ. ನಿಮ್ಮ ಟಿವಿ ಸರಿ ಇದೆ, ಕಾರ್ಯಕ್ರಮ ನಾವೇ ನಿಲ್ಲಿಸಿದ್ದೇವೆ ಅಂತ.